ಹೆಣ್ಣುಮಕ್ಕಳ ಓದಿನ ಚರಿತ್ರೆ: ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂನಿಂದ ಓದಿದರೆ?

ಹಳೆಯ ಸ್ಲೇಟು

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಾಲಾ ಶಿಕ್ಷಕಿ. ತುಮಕೂರು ಕಡೆಯ ನಮ್ಮೂರಿನ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬಿದೆ. ಸ್ಮರಣ ಸಂಚಿಕೆಗೆ ಹೆಣ್ಣುಮಕ್ಕಳ ವಿದ್ಯಾಭ್ಯಾಸ ನಡೆದುಬಂದ ದಾರಿಯ ಬಗ್ಗೆ ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಶುರು ಮಾಡುವಲ್ಲಿಯೇ ನಾನೂ ಶುರು ಮಾಡಿದೆ: 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿಯ ಶಾಲೆ, 1849ರಲ್ಲಿ ಕಲ್ಕತ್ತೆಯ ಬೆಥೂನ್ ಶಾಲೆ, 1881ರಲ್ಲಿ ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆ. ಎರಡು ಪುಟ ಸರಾಗವಾಗಿ ಬಂತು.

ಆಮೇಲೆ ಮುಖ್ಯೋಪಾಧ್ಯಾಯರು ಬೀರುವಿನ ತಳದಿಂದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆದುಕೊಟ್ಟರು. ಅದರಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂ ಇದೆ. ಹುಡುಗರ ಸಾಲಿನಲ್ಲಿ ‘ತೇರ್ಗಡೆ’, ‘ಪರವೂರಿಗೆ ವರ್ಗ’, ‘ಬೇಸಾಯ’. ಹುಡುಗಿಯರ ಸಾಲಿನಲ್ಲಿ ‘ಮದುವೆ’, ‘ಮದುವೆ’, ‘ಮಗು ನೋಡಿಕೊಳ್ಳಲು’, ‘ದೊಡ್ಡವಳಾದ್ದರಿಂದ’, ಮತ್ತೆ ‘ಮದುವೆ’. ವಯಸ್ಸು ಒಂಬತ್ತು, ಹತ್ತು, ಎಂಟೂವರೆ. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಆ ಪುಟಗಳನ್ನು ತಿರುವುತ್ತಾ ಕೈ ನಿಂತುಹೋಯಿತು. ಬರೆದ ಎರಡು ಪುಟಗಳು ಸುಳ್ಳಲ್ಲ. ಆದರೆ ಈ ಮಕ್ಕಳು ಅವುಗಳಲ್ಲಿ ಇಲ್ಲ. ಶಾಲೆ ತೆರೆದ ವರ್ಷಗಳನ್ನು ಪೋಣಿಸುವುದರ ಬದಲು ಹುಡುಗಿ ಶಾಲೆ ಬಿಟ್ಟ ವಯಸ್ಸನ್ನು ಹಿಡಿದು ಈ ಚರಿತ್ರೆಯನ್ನು ಬರೆಯಲು ಸಾಧ್ಯವೇ? ತಿಳಿದವರು ದಯವಿಟ್ಟು ಹೇಳಿ.

ಕಪಿಲಾತೀರ

ತಾಯಿ, ನಿಮ್ಮ ಪ್ರಶ್ನೆ ಒಳ್ಳೆಯದು. ಆದರೆ 1881ನ್ನು ಅಷ್ಟು ಸುಲಭವಾಗಿ ಬದಿಗಿಡಬೇಡಿ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ ಆರಂಭವಾದ ಶಾಲೆ ಅದು. ಹೆಣ್ಣುಮಗಳು ಓದಿದರೆ ವಿಧವೆಯಾಗುತ್ತಾಳೆ ಎಂದು ಮನೆಯ ಹಿರಿಯರೇ ನಂಬಿದ್ದ ಕಾಲ. ಅಂಥ ಮನೆಗಳಿಂದ ಮಕ್ಕಳನ್ನು ಹೊರಗೆ ಕರೆತರಬೇಕಾದರೆ ಅರಮನೆಯ ಹೆಸರು ಬೇಕಿತ್ತು, ಸಂಗೀತ ಮತ್ತು ಸಂಸ್ಕೃತದ ಪಾಠ ಬೇಕಿತ್ತು. ಮಗಳನ್ನು ಕಳುಹಿಸಿದರೆ ಮರ್ಯಾದೆ ಹೋಗುವುದಿಲ್ಲ ಎಂಬ ಭರವಸೆ ಕೊಡಬೇಕಿತ್ತು. ಶಾಲೆ ಮುಂದೆ ಕಾಲೇಜಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಕೆ.ಡಿ. ರುಕ್ಮಿಣಿಯಮ್ಮನಂಥವರು ಬಿ.ಎ. ಪದವಿ ಪಡೆದರು. 1901ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಓದುಬರಹ ಬಲ್ಲ ಹೆಂಗಸರು ಸಾವಿರಕ್ಕೆ ಆರು ಮಂದಿ. ಆ ಕತ್ತಲೆಯಲ್ಲಿ ಈ ದೀಪ ಸಣ್ಣದೇನಲ್ಲ.

ಮೂರನೇ ಬೆಂಚು

ದೀಪ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಅದು ಯಾರ ಮನೆಯಲ್ಲಿ ಉರಿಯಿತು ಎಂದೂ ಹೇಳಬೇಕಲ್ಲವೇ? ಮಹಾರಾಣಿ ಶಾಲೆ ಆರಂಭದಲ್ಲಿ ಮೇಲ್ಜಾತಿಯ ಹುಡುಗಿಯರಿಗಾಗಿ ಮಾತ್ರ ಇತ್ತು. ‘ಮರ್ಯಾದೆ ಹೋಗುವುದಿಲ್ಲ ಎಂಬ ಭರವಸೆ’ ಎಂದು ತಾವು ಬರೆದಿರಿ. ಆ ಭರವಸೆಯ ತಿರುಳೇ ಅದು: ನಮ್ಮ ಅಜ್ಜಿಯರಂಥವರು ಆ ಬೆಂಚಿನಲ್ಲಿ ಕೂರುವುದಿಲ್ಲ ಎಂಬುದು.

ಪುಣೆಯ ಕಥೆ ಇಲ್ಲಿ ಬೇರೆಯಾಗುತ್ತದೆ. ಸಾವಿತ್ರಿಬಾಯಿ ಮತ್ತು ಜ್ಯೋತಿರಾವ್ ಫುಲೆ ಹುಡುಗಿಯರ ಶಾಲೆಗಳ ಜೊತೆಗೇ ಅಸ್ಪೃಶ್ಯರೆನಿಸಿದ್ದ ಮಹಾರ್ ಮತ್ತು ಮಾಂಗ್ ಮಕ್ಕಳಿಗೂ ಶಾಲೆ ತೆರೆದರು. ಅವರ ಶಾಲೆಯಲ್ಲಿ ಕಲಿತ ಮಾಂಗ್ ಸಮುದಾಯದ ಮುಕ್ತಾ ಸಾಳವೆ ಎಂಬ ಬಾಲಕಿ ತನ್ನ ಜನರ ದುಃಖವನ್ನು ಕುರಿತು ಬರೆದ ಪ್ರಬಂಧ 1855ರಲ್ಲಿ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆಯಲ್ಲಿ ಕೆಲವೇ ವರ್ಷ ಕಲಿತ ಹುಡುಗಿ ಧರ್ಮವನ್ನೇ ಪ್ರಶ್ನೆ ಕೇಳುತ್ತಾಳೆ. ಓದು ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ದಾಖಲಾತಿ ಪುಸ್ತಕದಲ್ಲಿ ಜಾತಿಯ ಕಾಲಂ ಕೂಡ ಇರಬೇಕು. ನಮ್ಮ ಕೇರಿಯ ಮೊದಲ ಹುಡುಗಿ ಯಾವ ವರ್ಷ ಸೇರಿದಳು ಎಂದು ನೋಡಿ ಹೇಳುವಿರಾ?

ಹಳೆಯ ಸ್ಲೇಟು

ನೋಡಿದೆ. ಶಾಲೆ ಆರಂಭವಾದ ಇಪ್ಪತ್ತೆಂಟನೆಯ ವರ್ಷಕ್ಕೆ. ಅಂದರೆ ಸ್ವಾತಂತ್ರ್ಯ ಬಂದ ಮೇಲೆ. ಒಂದೇ ಹೆಸರು. ಮುಂದಿನ ವರ್ಷ ಮೂರು. ನಾನು ಅದೇ ಶಾಲೆಯಲ್ಲಿ ಓದಿದವಳು, ಅದೇ ಶಾಲೆಯಲ್ಲಿ ಪಾಠ ಮಾಡಿದವಳು. ಈ ಪ್ರಶ್ನೆಯನ್ನು ನಾನಾಗಿ ಕೇಳಿಕೊಂಡಿರಲಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು. ಲೇಖನದಲ್ಲಿ ಆ ವರ್ಷ ಬರುತ್ತದೆ.

ನೇತ್ರಾವತಿ

ಕರಾವಳಿಯಿಂದ ಒಂದು ಮಾತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮಿಷನರಿಗಳ ಹೆಂಡಂದಿರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದು, ಹೊಲಿಗೆ ಕಲಿಸಿದರು. ಬೆಂಗಳೂರಿನಲ್ಲಿಯೂ 1840ರ ದಶಕದಲ್ಲಿ ಲಂಡನ್ ಮಿಷನ್ನಿನವರ ಕನ್ನಡ ಹೆಣ್ಣುಮಕ್ಕಳ ಶಾಲೆ ನಡೆಯುತ್ತಿತ್ತು. ಅವರ ಉದ್ದೇಶದಲ್ಲಿ ಮತಪ್ರಚಾರವೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಹಾಗೆಯೇ ಅವರ ಹೆಸರನ್ನು ಅಳಿಸಬೇಕಾಗಿಯೂ ಇಲ್ಲ. ಅಪೋಸ್ಟಲಿಕ್ ಕಾರ್ಮೆಲ್ ಸಂಸ್ಥೆ 1870ರಿಂದ ಮಂಗಳೂರಿನಲ್ಲಿದೆ. 1921ರಲ್ಲಿ ಅವರು ಆರಂಭಿಸಿದ ಸಂತ ಆಗ್ನೆಸ್ ಕಾಲೇಜು ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜುಗಳ ಸಾಲಿನದು. ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅವರು.

ಆದರೆ ನನ್ನ ಮನಸ್ಸನ್ನು ಹಿಡಿದಿರುವುದು ಇವುಗಳಲ್ಲಿ ಯಾವುದೂ ಅಲ್ಲ. ಕಾರ್ಕಳದ ಬಳಿಯ ಮಾಳದಿಂದ ಬಂದ ಅನಂತಶಾಸ್ತ್ರಿ ಡೋಂಗ್ರೆ ಎಂಬ ಪಂಡಿತರ ಕಥೆ. ಅವರು ಪುಣೆಯಲ್ಲಿ ಓದುವಾಗ ತಮ್ಮ ಗುರುಗಳು ಪೇಶ್ವೆಯ ಮನೆಯ ಹೆಣ್ಣುಮಗಳಿಗೆ ಸಂಸ್ಕೃತ ಕಲಿಸುವುದನ್ನು ಕಂಡರು. ತಮ್ಮ ಹೆಂಡತಿಗೂ ಕಲಿಸಬೇಕೆಂದು ಹಠ ಹಿಡಿದರು. ಮನೆಯವರು ಒಪ್ಪಲಿಲ್ಲ. ಆ ಹೆಂಡತಿ ತೀರಿಕೊಂಡ ಮೇಲೆ ಮದುವೆಯಾದ ಲಕ್ಷ್ಮೀಬಾಯಿಗೆ ಕಲಿಸಿಯೇ ಬಿಟ್ಟರು. ಊರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರೋಧವಲ್ಲ ಎಂದು ಗ್ರಂಥಗಳನ್ನು ಉದಾಹರಿಸಿ ವಾದಿಸಬೇಕಾಯಿತು. ಕೊನೆಗೆ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳೇ ಮುಂದೆ ಪಂಡಿತಾ ರಮಾಬಾಯಿ.

ರಮಾಬಾಯಿಗೆ ಪಾಠ ಹೇಳಿದ್ದು ತಂದೆಯಲ್ಲ, ತಾಯಿ. ತಂದೆಗೆ ಅಷ್ಟರಲ್ಲಿ ವಯಸ್ಸಾಗಿತ್ತು. ಮನೆಗೆಲಸ ಶುರುವಾಗುವ ಮುನ್ನ, ಬೆಳಕು ಹರಿಯುವುದಕ್ಕೂ ಮೊದಲು, ತಾಯಿ ಮಗಳನ್ನು ಎಬ್ಬಿಸಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಹಗಲಿನಲ್ಲಿ ಆ ತಾಯಿಗೆ ಬಿಡುವೇ ಇರಲಿಲ್ಲ. ಹೆಣ್ಣುಮಕ್ಕಳ ಓದಿನ ಚರಿತ್ರೆಯನ್ನು ಬರೆಯುವವರು ಈ ಬೆಳಗಿನ ಜಾವವನ್ನು ಬಿಡಬಾರದು ಎಂಬುದು ನನ್ನ ಬೇಡಿಕೆ.

ಸಪ್ತಾಪುರ

ನೇತ್ರಾವತಿಯವರೇ, ಮಾಳದ ಕಥೆ ಬರೆದದ್ದಕ್ಕೆ ಕೃತಜ್ಞತೆ. ಅದರ ಮುಂದಿನ ಭಾಗವನ್ನೂ ಸೇರಿಸುತ್ತೇನೆ. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ರಮಾಬಾಯಿ ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ಪಂಡಿತರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1882ರಲ್ಲಿ ಗಂಡನೂ ತೀರಿಕೊಂಡ. ಅದೇ ವರ್ಷ ಪುಣೆಯಲ್ಲಿ, ಶಿಕ್ಷಣದ ಸ್ಥಿತಿಯನ್ನು ವಿಚಾರಿಸಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಅವರು ಹೇಳಿಕೆ ಕೊಟ್ಟರು: ಈ ದೇಶದ ವಿದ್ಯಾವಂತ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣಿನ ಓದಿಗೆ ವಿರೋಧಿಗಳು ಎಂದು. ಶಿಕ್ಷಕಿಯರು ಬೇಕು, ಮಹಿಳಾ ಇನ್‌ಸ್ಪೆಕ್ಟರುಗಳು ಬೇಕು, ಹೆಂಗಸರಿಗೆ ವೈದ್ಯಕೀಯ ಕಲಿಸಬೇಕು ಎಂದೂ ಹೇಳಿದರು. ‘ಅವಿದ್ಯಾವಂತರು’ ಎನ್ನದೆ ‘ವಿದ್ಯಾವಂತ ಗಂಡಸರು’ ಎಂದದ್ದನ್ನು ಗಮನಿಸಿ.

ಭಾರತದ ಮೊದಲ ಮಹಿಳಾ ವಕೀಲರೆನಿಸಿದ ಕೊರ್ನೆಲಿಯಾ ಸೊರಾಬ್ಜಿಯವರ ಬಾಲ್ಯದ ಕೆಲವು ವರ್ಷಗಳು ನಮ್ಮ ಬೆಳಗಾವಿಯಲ್ಲಿ ಕಳೆದವು. 1892ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದರು. ಆದರೆ ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ. ಬಾಗಿಲು ಮುಚ್ಚಿಕೊಂಡದ್ದು ನಮ್ಮಲ್ಲಿ ಮಾತ್ರವಲ್ಲ.

ಮುಂಬಯಿ ಕರ್ನಾಟಕದ ನಮ್ಮ ಹಳ್ಳಿಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದ ಹೆಣ್ಣುಮಗಳು ಮಾಸ್ತರಿಕೆ ಮಾಡಬಹುದಿತ್ತು. ನನ್ನ ಸೋದರತ್ತೆ ಮುಲ್ಕಿವರೆಗೆ ಬಂದರು. ಪರೀಕ್ಷೆಯ ಕೇಂದ್ರ ಬೇರೆ ಊರಿನಲ್ಲಿದ್ದ ಕಾರಣ ಕಳುಹಿಸಲಿಲ್ಲ. ಎಂಬತ್ತೆರಡನೆಯ ವಯಸ್ಸಿನಲ್ಲಿಯೂ ಅವರು ಭಿನ್ನರಾಶಿಯ ಲೆಕ್ಕಗಳನ್ನು ಬಾಯಲ್ಲಿ ಬಿಡಿಸುತ್ತಿದ್ದರು.

ಕಪಿಲಾತೀರ

ಮದುವೆಯ ವಯಸ್ಸಿನ ವಿಷಯಕ್ಕೆ ಬರೋಣ, ‘ಹಳೆಯ ಸ್ಲೇಟು’ ಅವರ ಕಾಲಂನಲ್ಲಿ ಅದೇ ತುಂಬಿದೆಯಲ್ಲ. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿದ ಮೇಲೆ ಪರಿಸ್ಥಿತಿ ಬದಲಾಗಿರಬೇಕು.

ಓದುವ ಅಜ್ಜ

ಒಂದು ತಿದ್ದುಪಡಿ. ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಅಂದರೆ ಧಾರವಾಡ, ಮಂಗಳೂರು, ಬಳ್ಳಾರಿಗೆ ಅನ್ವಯ. ಮೈಸೂರು ಸಂಸ್ಥಾನದ ತುಮಕೂರಿಗೆ ತಾನಾಗಿ ಅನ್ವಯವಾಗುತ್ತಿರಲಿಲ್ಲ. ಮೈಸೂರಿನಲ್ಲಿದ್ದುದು 1894ರ ಶಿಶುವಿವಾಹ ನಿಷೇಧ ಶಾಸನ. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು, ಇಷ್ಟೇ. ಆ ಕಾಲಕ್ಕೆ ಅದೂ ಮುಂದಿಟ್ಟ ಹೆಜ್ಜೆಯೇ. ಆದರೆ ಎಂಟು ವರ್ಷ ಎಂದರೆ ಮೂರನೆಯ ತರಗತಿ. ಒಂದು ಕಡೆ ಸರ್ಕಾರ ಹೆಣ್ಣುಮಕ್ಕಳ ಶಾಲೆಗೆ ಹಣ ಕೊಡುತ್ತಿತ್ತು, ಇನ್ನೊಂದು ಕಡೆ ಮೂರನೆಯ ತರಗತಿಯ ಮಗುವಿನ ಮದುವೆ ಕಾನೂನುಬದ್ಧವಾಗಿತ್ತು. ‘ಎಂಟೂವರೆ, ಮದುವೆ’ ಎಂಬ ನಿಮ್ಮ ಸಾಲಿನ ವಿವರಣೆ ಇಲ್ಲಿದೆ.

ನನಗೆ ಎಪ್ಪತ್ತೊಂಬತ್ತು ವಯಸ್ಸು. ನಮ್ಮ ಮನೆಯಲ್ಲಿ ಕೆಂಪು ಸೀರೆ ಉಟ್ಟ, ತಲೆ ಬೋಳಿಸಿದ ಒಬ್ಬ ದೊಡ್ಡತ್ತೆ ಇದ್ದರು. ಹನ್ನೊಂದನೆಯ ವಯಸ್ಸಿಗೆ ಗಂಡ ಹೋದ. ಅವರು ಗಂಡನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಮಕ್ಕಳಾದ ನಮಗೆ ಅಕ್ಷರ ತಿದ್ದಿಸಿದವರು ಅವರೇ, ಮರಳಿನ ಮೇಲೆ ಬೆರಳು ಹಿಡಿದು. ಅವರು ಎಲ್ಲಿ ಕಲಿತರು, ಯಾರು ಕಲಿಸಿದರು ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಈಗ ಕೇಳಲು ಯಾರೂ ಇಲ್ಲ.

ಸಪ್ತಾಪುರ

ಅಜ್ಜ, ತಮ್ಮ ದೊಡ್ಡತ್ತೆಯ ಮಾತು ಓದಿ ನನಗೆ ಒಂದು ವಿಷಯ ಹೊಳೆಯಿತು. ಈ ಚರಿತ್ರೆಯನ್ನು ಹೊತ್ತು ನಡೆದವರಲ್ಲಿ ಎಷ್ಟೊಂದು ಮಂದಿ ಬಾಲವಿಧವೆಯರು! ನಂಜನಗೂಡು ತಿರುಮಲಾಂಬ ಅವರನ್ನು ನೋಡಿ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾಗಿ, ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮ ಅವರೂ ಬಾಲವಿಧವೆ. 1921ರಿಂದ ‘ಸರಸ್ವತಿ’ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು, ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಮದುವೆ ಹುಡುಗಿಯನ್ನು ಶಾಲೆಯಿಂದ ಎಳೆದೊಯ್ಯುತ್ತಿತ್ತು. ಗಂಡ ಸತ್ತರೆ ಮಾತ್ರ ಕೆಲವರಿಗೆ ಪುಸ್ತಕ ಮರಳಿ ಸಿಗುತ್ತಿತ್ತು. ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿಲ್ಲ. ಅದನ್ನು ಬದುಕಿ ತೋರಿಸಿದವರಿಗೆ ನನ್ನ ನಮಸ್ಕಾರ.

ಮೂರನೇ ಬೆಂಚು

ಕೆಲವರಿಗೆ ಎಂದಿರಿ, ಅದು ಸರಿ. ಮನೆಯಲ್ಲಿ ಪುಸ್ತಕವಿದ್ದ, ವಕೀಲಿಕೆ ಮಾಡುವ ತಂದೆಯಿದ್ದ ಮನೆಗಳಲ್ಲಿ ಸಿಗುತ್ತಿತ್ತು. ಕೂಲಿಯ ಮನೆಯಲ್ಲಿ ವಿಧವೆಯಾದವಳು ಮರುದಿನವೇ ಗದ್ದೆಗೆ ಇಳಿಯುತ್ತಿದ್ದಳು.

ಪ್ರಯೋಗಶಾಲೆ

ನಾನು ಬೆಂಗಳೂರಿನಲ್ಲಿ ಓದಿ ಈಗ ಜರ್ಮನಿಯಲ್ಲಿ ಸಂಶೋಧಕಿಯಾಗಿದ್ದೇನೆ. ಶಾಲೆ ಬಿಡುವುದು ಕೆಳಗಿನ ತರಗತಿಗಳ ಸಮಸ್ಯೆ ಮಾತ್ರವಲ್ಲ ಎಂದು ಹೇಳಲು ಬರೆಯುತ್ತಿದ್ದೇನೆ. 1933ರಲ್ಲಿ ಕಮಲಾ ಭಾಗವತ್ ಬಿ.ಎಸ್ಸಿ.ಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಅಲ್ಲಿಯೇ ಓದಿದ್ದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಬಿಟ್ಟು ಹೋಗಲಿಲ್ಲ. ಕಚೇರಿಯ ಮುಂದೆಯೇ ಪಟ್ಟು ಹಿಡಿದು ಪ್ರವೇಶ ಪಡೆದರು, ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ. ಗಂಡು ವಿದ್ಯಾರ್ಥಿಗಳಿಗೆ ಆಕೆಯಿಂದ ತೊಂದರೆಯಾಗಬಾರದು ಎಂಬುದೂ ಷರತ್ತುಗಳಲ್ಲಿ ಒಂದು. ವರ್ಷ ಕಳೆದ ಮೇಲೆ ರಾಮನ್ ಅವರ ಮನಸ್ಸು ಬದಲಾಯಿತು, ಮುಂದೆ ಇತರ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೊನಿ ಎಂಬ ಹೆಸರಿನಿಂದ ನಾವು ಅವರನ್ನು ತಿಳಿದಿದ್ದೇವೆ.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡ ರಾಜೇಶ್ವರಿ ಚಟರ್ಜಿ ಅವರದು ಇದಕ್ಕೆ ಪೂರಕವಾದ ಕಥೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಜ್ಜಿ ಕಟ್ಟಿದ ಶಾಲೆಯಲ್ಲಿ ಮೊಮ್ಮಗಳು ಅಕ್ಷರ ಕಲಿತಳು. ಅದೇ ಮೊಮ್ಮಗಳು ಮೈಕ್ರೋವೇವ್ ತಂತ್ರಜ್ಞಾನ ಕಲಿತು ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದಳು. ಅಜ್ಜಿ ಓದಿದ್ದರೆ ಮೊಮ್ಮಗಳ ದಾರಿ ಎಷ್ಟು ಹತ್ತಿರವಾಗುತ್ತದೆ ನೋಡಿ. ನನ್ನ ಅಜ್ಜಿ ಸಹಿ ಮಾಡಲು ಕಲಿತದ್ದು ನನ್ನಿಂದ, ಪಿಂಚಣಿ ಅರ್ಜಿಗಾಗಿ. ಆ ದಿನ ಅವರು ಅಳುತ್ತಾ ನಕ್ಕರು. ನಾನು ಇಲ್ಲಿಯವರೆಗೆ ಪಡೆದ ಯಾವ ಪದವಿಯೂ ನನಗೆ ಅಷ್ಟು ಹೆಮ್ಮೆ ತಂದಿಲ್ಲ.

ಭೀಮಾತಟ

ಕಲ್ಯಾಣ ಕರ್ನಾಟಕದಲ್ಲಿ ಪ್ರೌಢಶಾಲೆ ಶಿಕ್ಷಕನಾಗಿದ್ದೇನೆ. ಇಷ್ಟು ಹೊತ್ತು ಮೈಸೂರು, ಮಂಗಳೂರು, ಧಾರವಾಡ ಬಂದವು. ನಮ್ಮ ಕಡೆ ಯಾರೂ ಬರಲಿಲ್ಲ ಎಂದು ನೋವಾಯಿತು, ಹೇಳಿಬಿಡುತ್ತೇನೆ.

ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೇ ಅದು ಎತ್ತರದ ಹೊಸ್ತಿಲು. ಹುಡುಗಿಗೆ ಎರಡು ಹೊಸ್ತಿಲು. ಅಂಥ ಕಾಲದಲ್ಲಿ, 1934ರಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿಯೇ ಮಹಾದೇವಿ ಕನ್ಯಾ ಪಾಠಶಾಲೆ ತೆರೆದರು. ಅಕ್ಕನ ಹೆಸರನ್ನೇ ಇಟ್ಟದ್ದು ಸುಮ್ಮನೆ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದ ನೆಲ ಇದು. ಎಂಟುನೂರು ವರ್ಷಗಳ ನಂತರ ಅದೇ ನೆಲದಲ್ಲಿ ಹೆಣ್ಣು ಅಕ್ಷರ ಕಲಿಯಬಹುದೇ ಎಂದು ಕೇಳುವ ಸ್ಥಿತಿ ಬಂದಿತ್ತು. ಮುಂದಕ್ಕೆ ಹೋದದ್ದು ಹಿಂದಕ್ಕೂ ಬರುತ್ತದೆ ಎಂಬ ಭಯ ನನಗೆ ಯಾವಾಗಲೂ ಇದೆ.

2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68.08. 1991ರಲ್ಲಿ ಶೇ. 44.34 ಇತ್ತು. ಇಪ್ಪತ್ತು ವರ್ಷದಲ್ಲಿ ದೊಡ್ಡ ನಡೆ. ಆದರೆ ಜಿಲ್ಲೆಗಳನ್ನು ನೋಡಿ: ಗಂಡು ಹೆಣ್ಣು ಸೇರಿಸಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ನನ್ನ ಪಾಲಿಗೆ ಈ ಅಂತರ ಒಂದು ಖಾಲಿ ಬೆಂಚು. ಹತ್ತಿ ಬಿಡಿಸುವ ಕಾಲ ಬಂದರೆ ಆ ಬೆಂಚಿನ ಹುಡುಗಿಯರು ಹೊಲದಲ್ಲಿರುತ್ತಾರೆ. ತಂದೆ ತಾಯಿ ಕೂಲಿ ಹುಡುಕಿ ನಗರಕ್ಕೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿರುತ್ತಾರೆ. ‘ಮಗು ನೋಡಿಕೊಳ್ಳಲು’ ಎಂಬುದು ಮೇಡಂ ಅವರ ನೂರು ವರ್ಷದ ಹಿಂದಿನ ಪುಸ್ತಕದಲ್ಲಿದೆ. ನನ್ನ ಹಾಜರಿ ಪುಸ್ತಕದಲ್ಲಿ ಅದು ಹೋದ ತಿಂಗಳಿನದು.

ಬದಲಾವಣೆ ಬಂದದ್ದು ಎಲ್ಲಿಂದ ಎಂದು ಕೇಳಿದರೆ ನಾನು ಸಣ್ಣ ಸಂಗತಿಗಳನ್ನು ಹೇಳುತ್ತೇನೆ. ಮಧ್ಯಾಹ್ನದ ಬಿಸಿಯೂಟ. 2006ರಿಂದ ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿ. ಶಾಲೆಯಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ. ಕೊನೆಯದು ಇಲ್ಲದಿದ್ದರೆ ದೊಡ್ಡವಳಾದ ಹುಡುಗಿ ತಿಂಗಳಿಗೆ ಐದು ದಿನ ಬರುವುದಿಲ್ಲ. ಮೊದಲು ಐದು ದಿನ, ಆಮೇಲೆ ಹತ್ತು, ಆಮೇಲೆ ಹೆಸರು ಹೊಡೆದು ಹಾಕುತ್ತೇವೆ. ‘ದೊಡ್ಡವಳಾದ್ದರಿಂದ’ ಎಂದು ಈಗ ಯಾರೂ ಬರೆಯುವುದಿಲ್ಲ. ‘ದೀರ್ಘ ಗೈರುಹಾಜರಿ’ ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಇನ್ನು ಮುಂದೆ ನಿಜವಾದ ಕಾರಣ ತಿಳಿಯದೆ ಬರೆಯುವುದಿಲ್ಲ.

ನೇತ್ರಾವತಿ

ಭೀಮಾತಟ ಅವರೇ, ನಮ್ಮ ಜಿಲ್ಲೆಯ ಶೇಕಡಾವಾರನ್ನು ಹೆಮ್ಮೆಯಿಂದ ಹೇಳಿಕೊಂಡು ಬೆಳೆದವಳು ನಾನು. ನಿಮ್ಮ ಬರಹದ ಪಕ್ಕದಲ್ಲಿ ಇಟ್ಟು ಓದಿದಾಗ ಅದು ಬೇರೆಯಾಗಿ ಕಾಣುತ್ತಿದೆ. ಸೈಕಲ್ ವಿಷಯ ಇನ್ನಷ್ಟು ಬರೆಯಿರಿ.

ಭೀಮಾತಟ

ಒಂದೇ ದೃಶ್ಯ ಸಾಕು. ಹಿಂದೆ ಏಳನೆಯ ತರಗತಿ ಮುಗಿದ ಹುಡುಗಿಯ ಮನೆಗೆ ಹೋಗಿ ‘ಹೈಸ್ಕೂಲಿಗೆ ಕಳುಹಿಸಿ’ ಎಂದರೆ ತಂದೆ ರಸ್ತೆಯ ಕಡೆ ಕೈ ತೋರಿಸುತ್ತಿದ್ದರು. ಮಾತೇ ಆಡುತ್ತಿರಲಿಲ್ಲ. ಐದು ಕಿಲೋಮೀಟರ್, ನಡುವೆ ಜಾಲಿಗಿಡ, ಒಬ್ಬಳೇ. ಸೈಕಲ್ ಬಂದ ಮೇಲೆ ಬೆಳಿಗ್ಗೆ ಎಂಟು ಹತ್ತು ಹುಡುಗಿಯರು ಸಾಲಾಗಿ ಹೋಗತೊಡಗಿದರು. ಒಬ್ಬಳ ಸರಪಳಿ ಕಳಚಿದರೆ ಎಲ್ಲರೂ ನಿಲ್ಲುತ್ತಿದ್ದರು. ರಸ್ತೆ ಅದೇ, ದೂರ ಅದೇ.

ಹಳೆಯ ಸ್ಲೇಟು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಲೇಖನವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ರಮಾಬಾಯಿಯ ತಾಯಿಯ ಬೆಳಗಿನ ಜಾವ, ಎಂಟು ವರ್ಷದ ಶಾಸನ, ಕೇರಿಯ ಮೊದಲ ಹುಡುಗಿ, ಸೈಕಲ್ ಸಾಲು ಎಲ್ಲವೂ ಬರುತ್ತವೆ. ಮಹಾರಾಣಿ ಶಾಲೆಯೂ ಬರುತ್ತದೆ, ಕಪಿಲಾತೀರ ಅವರೇ, ಯಾರಿಗೆ ತೆರೆದಿತ್ತು ಎಂಬ ವಿವರದೊಂದಿಗೆ.

ನಿನ್ನೆ ಪುಸ್ತಕದಲ್ಲಿ ಇನ್ನೊಂದು ಸಾಲು ಕಂಡಿತು. 1931ರಲ್ಲಿ ಹತ್ತು ವರ್ಷದ ಹುಡುಗಿ ‘ಮದುವೆ’ ಎಂದು ಶಾಲೆ ಬಿಟ್ಟಿದ್ದಾಳೆ. 1934ರಲ್ಲಿ ಅದೇ ಹೆಸರು, ತಂದೆಯ ಅದೇ ಹೆಸರು, ‘ಪುನಃ ದಾಖಲು’ ಎಂದಿದೆ. ಸಪ್ತಾಪುರ ಅವರು ಬರೆದದ್ದು ನೆನಪಾಗಿ ನನಗೆ ಅನಿಸಿದ್ದು ನಿಮಗೂ ಅನಿಸಬಹುದು. ಆದರೆ ಪುಸ್ತಕ ಅಷ್ಟನ್ನೇ ಹೇಳುತ್ತದೆ, ನಾನೂ ಅಷ್ಟನ್ನೇ ಬರೆಯುತ್ತೇನೆ. ಹದಿಮೂರು ವರ್ಷದ ಹುಡುಗಿ ಮೂರನೆಯ ತರಗತಿಯ ಚಿಕ್ಕ ಮಕ್ಕಳ ನಡುವೆ ಬಂದು ಕುಳಿತಳು.

ಒಂದು ವಿನಂತಿ. ನಿಮ್ಮ ಮನೆಯ ಹೆಂಗಸರು ಯಾವ ತರಗತಿಯಲ್ಲಿ, ಯಾವ ಕಾರಣಕ್ಕೆ ಶಾಲೆ ಬಿಟ್ಟರು ಎಂದು ಇಲ್ಲಿ ಬರೆಯುವಿರಾ? ಹೆಸರು ಬೇಡ.

ಓದುವ ಅಜ್ಜ

ನನ್ನ ಹೆಂಡತಿ, ಎಂಟನೆಯ ತರಗತಿ. ಕಾರಣ ನಾನು. ನಿಶ್ಚಯವಾದ ಮೇಲೆ ಪರೀಕ್ಷೆಗೆ ಕೂರಲು ಬಿಡಿ ಎಂದು ಆಕೆ ಹೇಳಿ ಕಳುಹಿಸಿದ್ದಳು. ನಮ್ಮ ಮನೆಯವರು ಬೇಡ ಎಂದರು. ನಾನು ಸುಮ್ಮನಿದ್ದೆ.

ಪ್ರಯೋಗಶಾಲೆ

ಅಜ್ಜಿ, ಸೇರಲೇ ಇಲ್ಲ. ಅಮ್ಮ, ಪಿಯುಸಿ, ಕಾಲೇಜಿಗೆ ಸಂಜೆಯ ಬಸ್ ಇರಲಿಲ್ಲ.

ಮೂರನೇ ಬೆಂಚು

ನನ್ನ ತಾಯಿ, 1974, ಏಳನೆಯ ತರಗತಿ. ಚೆನ್ನಾಗಿ ಓದುತ್ತಿದ್ದರು ಎಂದು ಅವರ ತಮ್ಮ ಹೇಳುತ್ತಾರೆ. ಯಾಕೆ ಬಿಟ್ಟೆ ಎಂದರೆ ‘ಅದೇನೋ ಹಾಗಾಯಿತು’ ಎನ್ನುತ್ತಾರೆ, ಮುಂದೆ ಹೇಳುವುದಿಲ್ಲ. ಶಾಲೆ ಈಗಲೂ ಇದೆ. ಸೋಮವಾರ ಅವರನ್ನು ಕರೆದುಕೊಂಡು ಹೋಗಿ ಆ ಕಾಲಂ ನೋಡಿಕೊಂಡು ಬರುತ್ತೇನೆ.